ಗ್ರಾಫ್ ಮೇಲೆ ಸಂಖ್ಯಾಶಾಸ್ತ್ರದ ಟೆಸ್ಟ್ ಫಲಿತಾಂಶ ಬರೆಯುವುದು ಹೇಗೆ?

ಜನವರಿ ಅಂದ್ರೆ ಕಲಬುರಗಿ ಸುತ್ತ ತೊಗರಿ ರಾಶಿಯ ಕಾಲ. ಎರಡು ತಳಿಯ ಇಳುವರಿ ಹೋಲಿಸುವ ಪ್ರಾಜೆಕ್ಟ್ ಗ್ರಾಫ್ ನೋಡಿದರೆ ಎರಡು ಕಂಬ, ಮೇಲೆ 'ವ್ಯತ್ಯಾಸ ಇದೆ' ಅನ್ನುವ ಒಂದು ನಕ್ಷತ್ರ, ಅಷ್ಟೇ. ಅದನ್ನು ಹೊಲದವರ ಮುಂದೆ ಇಟ್ಟು ನೋಡಿ. "ಎಕರೆಕ್ಕ ಎಷ್ಟು ಜಾಸ್ತಿ ಬರ್ತದ್ರಿ?" ಅಂತಾರೆ. ಆ ಪ್ರಶ್ನೆಗೆ ಗ್ರಾಫಿನಲ್ಲೇ ಉತ್ತರ ಇರಬೇಕು.

ಮಾರುತಿ ಮತ್ತು ಟಿಎಸ್-3ಆರ್ ತಳಿಗಳನ್ನು ಒಂದೊಂದು ಗುಂಟೆಯ ತಲಾ 12 ತಾಕುಗಳಲ್ಲಿ ಬೆಳೆದು ತೂಗಿದ್ದೀರಿ ಅಂದುಕೊಳ್ಳೋಣ. ಎಕ್ಸೆಲ್‌ನಲ್ಲಿ ತಾಕಿಗೊಂದು ಸಾಲು ಬರಲಿ. ಒಂದು ಕಾಲಂನಲ್ಲಿ ತಳಿ, ಪಕ್ಕದಲ್ಲಿ ತೂಕ. ಆಮೇಲೆ ಲೆಕ್ಕ, ಗ್ರಾಫ್ ಎರಡನ್ನೂ ಮಾಡುವ ಆರ್ (R) ತಂತ್ರಾಂಶ ತೆರೆಯಿರಿ, ಅದು ಉಚಿತ.

ಆರ್‌ನ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್2 (ggplot2) ಬಳಸಿ, ತೂಕಗಳು ಎಲ್ಲಿಂದ ಎಲ್ಲಿಗೆ ಹರಡಿವೆ ಅಂತ ಪೆಟ್ಟಿಗೆಯಲ್ಲಿ ತೋರಿಸುವ ಬಾಕ್ಸ್ ಪ್ಲಾಟ್ ಎಳೆದು, ಅದರ ಮೇಲೆ 24 ಚುಕ್ಕಿಗಳನ್ನೂ ಇಡಿ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಚುಕ್ಕಿ ಚದುರಿಸುವ ಜಿಟರ್, ಹೇಳದೇ ಇದ್ದರೆ ಚುಕ್ಕಿಗಳನ್ನು ಮೇಲೆ ಕೆಳಗೂ ಸರಿಸುತ್ತದೆ. ಅಂದರೆ 9 ಕೆಜಿ ತೂಗಿದ ತಾಕು ಬೇರೆ ಎತ್ತರದಲ್ಲಿ ಕೂರಬಹುದು! ಜಿಟರ್‌ನ ಎತ್ತರವನ್ನು (height) ಸೊನ್ನೆ ಮಾಡಿ. ಇನ್ನೊಂದು, ಉಳಿದವಕ್ಕಿಂತ ತೀರಾ ದೂರ ಇರುವ ತೂಕಗಳಿಗೆ ಬಾಕ್ಸ್ ಪ್ಲಾಟ್ ತಾನೇ ಹಾಕುವ ಹೊರಚುಕ್ಕಿಗಳನ್ನು ತೆಗೆಸಿ. ಇಲ್ಲದಿದ್ದರೆ ಒಂದೇ ತಾಕು ಎರಡು ಸಲ ಕಾಣುತ್ತದೆ.

ಈಗ ಟೆಸ್ಟ್. ಆರ್‌ನ ಜಿಜಿಪಬ್‌ಆರ್ (ggpubr) ಪ್ಯಾಕೇಜ್ ಪಿ ಬೆಲೆಯನ್ನು, ಅಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯನ್ನು, ಗ್ರಾಫ್ ಮೇಲೆ ತಾನೇ ಬರೆಯುತ್ತದೆ. ಆದರೆ ನೀವು ಸುಮ್ನೆ ಬಿಟ್ಟರೆ ಅದು ಮಾಡುವುದು ತೂಕಗಳ ಏರಿಳಿತದ ಕ್ರಮವನ್ನು ಹೋಲಿಸುವ ವಿಲ್ಕಾಕ್ಸನ್ ಟೆಸ್ಟ್. ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಬೇಕಾದರೆ ಹೇಳಲೇಬೇಕು. ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗಾಸೆಟ್ 1908ರಲ್ಲಿ ಟಿ-ಟೆಸ್ಟ್‌ಗೆ ಅಡಿಪಾಯ ಹಾಕಿದ್ದೇ ಹೀಗೆ ಕೆಲವೇ ಅಳತೆಗಳಿರುವ ಲೆಕ್ಕಗಳಿಗಾಗಿ. ಎರಡೂ ತಳಿಯನ್ನು ಒಂದೇ ಹೊಲದಲ್ಲಿ ಅಕ್ಕಪಕ್ಕ ಜೋಡಿಯಾಗಿ ಬಿತ್ತಿದ್ದರೆ ಜೋಡಿ ಟಿ-ಟೆಸ್ಟ್ ಮಾಡಿ. ಯಾವ ಟೆಸ್ಟ್ ಅನ್ನೋದನ್ನು ಪಿ ಬೆಲೆ ನೋಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೂರನೇ ತಳಿಯಾಗಿ ಜಿಆರ್‌ಜಿ-811 ಕೂಡ ಸೇರಿಸಿದರೆ ಹೋಲಿಕೆ ಮೂರಾಗುತ್ತದೆ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಹೋಲಿಕೆ ಹೆಚ್ಚಾದಷ್ಟೂ ಇಲ್ಲದ ವ್ಯತ್ಯಾಸ ಇದೆ ಅಂತ ಕಾಣುವ ಸಾಧ್ಯತೆಯೂ ಜಾಸ್ತಿ. ಮೂರು ಪಿ ಬೆಲೆ 0.012, 0.03, 0.2 ಬಂದವು ಅನ್ನಿ. ಹೋಲಿಕೆಗಳ ಸಂಖ್ಯೆಗೆ ತಕ್ಕಂತೆ ಪಿ ಬೆಲೆ ಹೆಚ್ಚಿಸುವ ಹೋಮ್ (Holm) ವಿಧಾನದಲ್ಲಿ ಸರಿಪಡಿಸಿದರೆ ಅವು 0.036, 0.06, 0.2 ಆಗುತ್ತವೆ. ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ವ್ಯತ್ಯಾಸ ಇದೆ ಅಂತಾರೆ. ಎರಡನೆಯದು ಆ ಮಿತಿ ದಾಟಿತು, ಅಲ್ವಾ? ಜೋಡಿ ಜೋಡಿಯಾಗಿ ಹೋಲಿಸುವಾಗ ಜಿಜಿಪಬ್‌ಆರ್ ಎರಡು ತಳಿಯನ್ನು ಸೇರಿಸುವ ಗೆರೆಯ ಮೇಲೆ ಬರೆಯುವುದು ಸರಿಪಡಿಸದ ಬೆಲೆ. ಹಾಗಾಗಿ ಮೊದಲು ಬೇರೆಯಾಗಿ ಲೆಕ್ಕ ಹಾಕಿ, ಆ ಅಂಕಿಯನ್ನೇ ಕೈಯಾರೆ ಗ್ರಾಫಿಗೆ ಕೊಡಿ. ನಕ್ಷತ್ರ ಬೇಡ, ಅಂಕಿಯನ್ನೇ ಬರೆಯಿರಿ. 0.000 ಅಂತಲೂ ಬೇಡ, '0.001ಕ್ಕಿಂತ ಕಡಿಮೆ' ಅನ್ನಿ.

ಕೊನೆಗೆ ಗ್ರಾಫಿನ ಕೆಳಗಿನ ಸಾಲು. ಆರ್‌ನ ಟಿ-ಟೆಸ್ಟ್ ಶೇ 95ರ ವಿಶ್ವಾಸಾಂತರವನ್ನೂ (ನಿಜವಾದ ಅಂತರ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನುವ ಅಂದಾಜು) ಕೊಡುತ್ತದೆ, ಅದನ್ನು ಬಿಡಬೇಡಿ. ಎರಡು ತಳಿಯ ಅಂತರ ಗುಂಟೆಗೆ 1.5 ಕೆಜಿ, ವಿಶ್ವಾಸಾಂತರ 0.4ರಿಂದ 2.6 ಬಂತು ಅನ್ನಿ. ಎಕರೆಗೆ 40 ಗುಂಟೆ, ಗುಣಿಸಿ. ಹೀಗೆ ಬರೆಯಿರಿ: 'ತಳಿಗೆ 12 ತಾಕು, ಟಿ-ಟೆಸ್ಟ್, ಪಿ = 0.01. ಟಿಎಸ್-3ಆರ್ ಎಕರೆಗೆ ಸುಮಾರು 60 ಕೆಜಿ ಜಾಸ್ತಿ, ವಿಶ್ವಾಸಾಂತರ 16ರಿಂದ 104 ಕೆಜಿ.'