ಜಪಾನಿನಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರುವವರಿಗೆ: ಮೂರನೇ ವರ್ಷದಿಂದಲೇ ತಯಾರಿ

ಜಪಾನಿನಲ್ಲಿ ಡಿಗ್ರಿ ಕೈಗೆ ಬಂದ ಮೇಲೆ ಕೆಲಸ ಹುಡುಕೋಣ ಎಂದು ಕೂತರೆ ತುಂಬಾ ತಡವಾಗಿರುತ್ತದೆ. ಬಹುತೇಕ ಕಂಪನಿಗಳು ಹೊಸ ಪದವೀಧರರನ್ನೆಲ್ಲ ಏಪ್ರಿಲ್ 1ರಂದು ಒಟ್ಟಿಗೆ ಸೇರಿಸಿಕೊಳ್ಳುತ್ತವೆ. ಅದಕ್ಕಾಗಿ ನಡೆಯುವ ಹುಡುಕಾಟಕ್ಕೆ ಅಲ್ಲಿ 'ಶೂಕಾತ್ಸು' ಎನ್ನುತ್ತಾರೆ. ಸರ್ಕಾರ ಹೇಳುವ ಲೆಕ್ಕದಲ್ಲಿ ಮೂರನೇ ವರ್ಷದ ಕೊನೆಗೆ, ಮಾರ್ಚ್ 1ರಿಂದ, ಕಂಪನಿಗಳ ಮಾಹಿತಿ ಸಭೆ. ನಾಲ್ಕನೇ ವರ್ಷದ ಜೂನ್ 1ರಿಂದ ಸಂದರ್ಶನ. ಅಕ್ಟೋಬರ್ 1ರಿಂದ ಅಧಿಕೃತ ಆಫರ್. ಈ ಲೆಕ್ಕ ಮೀರಿದರೆ ದಂಡವಿಲ್ಲ, ಹಾಗಾಗಿ ಎಷ್ಟೋ ಕಂಪನಿಗಳು ಮೊದಲೇ ಆರಿಸಿ ಮುಗಿಸಿರುತ್ತವೆ. ಮೂರನೇ ವರ್ಷದ ಬೇಸಿಗೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವುದರಿಂದಲೇ ಶುರು ಮಾಡಿ.

ಹೆಚ್ಚು ಜನ ಎಡವುವುದು ಎಂಟ್ರಿ ಶೀಟ್‌ನ (ಕಂಪನಿಗೆ ತುಂಬಿಕೊಡುವ ಅರ್ಜಿಯ) 'ಗಾಕುಚಿಕಾ' ಪ್ರಶ್ನೆಯಲ್ಲಿ: ಓದುವ ದಿನಗಳಲ್ಲಿ ಯಾವುದಕ್ಕೆ ಶ್ರಮ ಹಾಕಿದಿರಿ? ಸಾಮಾನ್ಯವಾಗಿ 400 ಅಕ್ಷರದೊಳಗೆ ಬರೆಯಬೇಕು. 'ಪಾರ್ಟ್‌ಟೈಮ್ ಕೆಲಸದಲ್ಲಿ ಸಹಕಾರ ಕಲಿತೆ' ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. 'ಅಂಗಡಿಯಲ್ಲಿ ದಿನಾ ರಾತ್ರಿ ಮಾರಾಟವಾಗದ 12 ಬೆಂತೋ (ಊಟದ) ಡಬ್ಬಿ ಕಸಕ್ಕೆ ಹೋಗುತ್ತಿತ್ತು. ಎರಡು ವಾರ ಮಾರಾಟ ಬರೆದಿಟ್ಟೆ. ಮಳೆ ಬಂದ ದಿನವೇ ಹೆಚ್ಚು ಉಳಿಯುತ್ತದೆಂದು ಮ್ಯಾನೇಜರ್‌ಗೆ ತೋರಿಸಿದೆ, ಆರ್ಡರ್ ಬದಲಾಯಿತು, 4ಕ್ಕೆ ಇಳಿಯಿತು' ಎಂದು ಬರೆಯಿರಿ. ಸಂದರ್ಶನದಲ್ಲಿ ಇದನ್ನೇ ಕೆದಕಿ ಕೆದಕಿ ಕೇಳುತ್ತಾರೆ. ಮಾಡದೇ ಇದ್ದದ್ದನ್ನು ಬರೆದರೆ ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಅರ್ಜಿದಾರರನ್ನು ಆರಿಸಲು ಹಲವು ಕಂಪನಿಗಳು ಬಳಸುವ ಎಸ್‌ಪಿಐ ಎಂಬ ಸಾಮರ್ಥ್ಯ ಪರೀಕ್ಷೆಯ ಗಣಿತ ಕಷ್ಟದ್ದಲ್ಲ: ವೇಗ, ಲಾಭ-ನಷ್ಟ, ಅನುಪಾತ. ಆದರೆ ಪರೀಕ್ಷಾ ಕೇಂದ್ರದಲ್ಲಿ ಒಂದೊಂದು ಪ್ರಶ್ನೆಗೂ ಸಮಯದ ಮಿತಿ ಇದೆ, ಬಿಟ್ಟ ಪ್ರಶ್ನೆಗೆ ಹಿಂತಿರುಗುವಂತಿಲ್ಲ. ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ.

ರೆಸ್ಯೂಮೆಗೆ 4×3 ಸೆಂ.ಮೀ. ಫೋಟೊ ಅಂಟಿಸಿ, ಕಿತ್ತುಬಂದರೆ ಯಾರದೆಂದು ತಿಳಿಯಲು ಹಿಂಬದಿಯಲ್ಲಿ ಹೆಸರು ಬರೆದಿರಿ. ಕೈಬರಹದಲ್ಲಿ ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಹೊಸ ಹಾಳೆ ತೆಗೆದುಕೊಳ್ಳಿ.

ನಮ್ಮ ಕಡೆಯಿಂದ ಹೋಗಿ ಓದುತ್ತಿರುವವರು ವೀಸಾ ಮರೆಯಬಾರದು. ವಿದ್ಯಾರ್ಥಿ ವೀಸಾದಲ್ಲಿ, ಅನುಮತಿ ಪಡೆದರೂ, ತರಗತಿ ನಡೆಯುವಾಗ ವಾರಕ್ಕೆ 28 ಗಂಟೆಯಷ್ಟೇ ದುಡಿಯಬಹುದು. ಏಪ್ರಿಲ್‌ಗೆ ಸೇರುವವರು ಕೆಲಸದ ವೀಸಾಕ್ಕೆ ಹಿಂದಿನ ಡಿಸೆಂಬರ್‌ನಲ್ಲೇ ಅರ್ಜಿ ಹಾಕಿ. ಮಾರ್ಚ್‌ವರೆಗೆ ಕಾದರೆ ಏಪ್ರಿಲ್ 1ಕ್ಕೆ ಕೆಲಸ ಶುರು ಮಾಡಲಾಗದೇ ಹೋಗಬಹುದು.

ಇನ್ನೊಂದು: ನಿವಾಸಿ ತೆರಿಗೆ (ವಾಸವಿರುವ ಊರಿನ ಆಡಳಿತಕ್ಕೆ ಕಟ್ಟುವ ತೆರಿಗೆ) ಹಿಂದಿನ ವರ್ಷದ ಆದಾಯದ ಮೇಲೆ ಬೀಳುತ್ತದೆ. ಹಾಗಾಗಿ ಸೇರಿದ ಮೊದಲ ವರ್ಷ ಅದು ಅಷ್ಟಾಗಿ ಕಾಣುವುದಿಲ್ಲ, ಎರಡನೇ ವರ್ಷದ ಜೂನ್‌ನಿಂದ ಸಂಬಳದಲ್ಲಿ ಕಡಿತ ಶುರು. ಮೊದಲ ವರ್ಷ ಕೈಗೆ ಬಂದ ಹಣ ನೋಡಿ ದುಬಾರಿ ಬಾಡಿಗೆಯ ಮನೆ ಹಿಡಿಯಬೇಡಿ.