ಪೋಸ್ಟ್‌ಫಿಕ್ಸ್‌ನಲ್ಲಿ ಡಿಕಿಮ್ ಸಹಿ ಬೀಳದಿದ್ದರೆ ಸಾಕೆಟ್ ಎಲ್ಲಿದೆ ನೋಡಿ

ನನ್ನ ಸರ್ವರ್‌ನಲ್ಲಿ ಡೆಬಿಯನ್ 12, ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್, ಅದಕ್ಕೆ ಸಹಿ ಹಾಕುವ ಓಪನ್‌ಡಿಕಿಮ್. ಮೇಲ್ ಹೋಗುತ್ತಿತ್ತು, ಆದರೆ ಡಿಕಿಮ್ ಸಹಿ (ಮೇಲ್ ಆ ಡೊಮೇನ್‌ನಿಂದಲೇ ಬಂದಿದೆ ಎಂದು ತೋರಿಸುವ ಡಿಜಿಟಲ್ ಸಹಿ) ಇಲ್ಲದೆ. ಬಹುಪಾಲು ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತಿತ್ತು.

ಡಿಎನ್‌ಎಸ್‌ನ ಟಿಎಕ್ಸ್‌ಟಿ ರೆಕಾರ್ಡ್ ಮತ್ತೆ ಹಾಕಿದೆ, ಹೊಸ ಕೀ ಮಾಡಿದೆ, ಸೆಲೆಕ್ಟರ್ (ಕೀಯ ಹೆಸರು) ಬದಲಿಸಿದೆ, ಎರಡೂ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಸಾಕೆಟ್ ಫೈಲ್‌ಗೆ 777 ಪರ್ಮಿಷನ್ ಕೂಡ ಕೊಟ್ಟೆ. ಉಪಯೋಗವಾಗಲಿಲ್ಲ. ಪೋಸ್ಟ್‌ಫಿಕ್ಸ್‌ನ ಮಿಲ್ಟರ್_ಡೀಫಾಲ್ಟ್_ಆ್ಯಕ್ಷನ್ ಸೆಟ್ಟಿಂಗ್ 'ಅಕ್ಸೆಪ್ಟ್' ಎಂದಿದ್ದರೆ ಮಿಲ್ಟರ್ (ಮೇಲ್ ಫಿಲ್ಟರ್, ಇಲ್ಲಿ ಓಪನ್‌ಡಿಕಿಮ್) ಸಿಗದಿದ್ದರೂ ಮೇಲ್ ಹೊರಟುಬಿಡುತ್ತದೆ, ದೋಷ ಲಾಗ್‌ನಲ್ಲಷ್ಟೇ ಉಳಿಯುತ್ತದೆ. ಅಲ್ಲಿ ನೋಡಿದರೆ /ರನ್/ಓಪನ್‌ಡಿಕಿಮ್ ಒಳಗಿನ ಸಾಕೆಟ್ ಫೈಲೇ ಇಲ್ಲ ಎಂಬ ಎಚ್ಚರಿಕೆ. ಎಲ್‌ಎಸ್ ಕಮಾಂಡ್ ಕೊಟ್ಟರೆ ಫೈಲ್ ಅಲ್ಲೇ ಇದೆ!

ಕಾರಣ ಕ್ರೂಟ್, ಅಂದರೆ ಪ್ರೋಗ್ರಾಂ ಅನ್ನು ಒಂದೇ ಡೈರೆಕ್ಟರಿಯೊಳಗೆ ಕೂಡಿಹಾಕುವ ವ್ಯವಸ್ಥೆ. ಈ ಆವೃತ್ತಿಯಲ್ಲಿ ಎಸ್‌ಎಂಟಿಪಿಡಿಗೆ (ಮೇಲ್ ಸ್ವೀಕರಿಸುವ ಪೋಸ್ಟ್‌ಫಿಕ್ಸ್ ಭಾಗ) /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಎಂಬುದೇ ರೂಟ್. ಅದರಾಚೆಗಿನ ಯಾವ ಫೈಲೂ ಅದಕ್ಕೆ ಕಾಣದು. ಆದ್ದರಿಂದ ಸಾಕೆಟ್ಟನ್ನೇ ಒಳಗೆ ತರಬೇಕು.

ಮೊದಲು /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಓಪನ್‌ಡಿಕಿಮ್ ಡೈರೆಕ್ಟರಿ ಮಾಡಿ. ಓನರ್ ಓಪನ್‌ಡಿಕಿಮ್, ಗ್ರೂಪ್ ಪೋಸ್ಟ್‌ಫಿಕ್ಸ್, ಮೋಡ್ 750. ಪೋಸ್ಟ್‌ಫಿಕ್ಸ್ ಯೂಸರ್‌ನನ್ನು ಓಪನ್‌ಡಿಕಿಮ್ ಗ್ರೂಪ್‌ಗೆ ಸೇರಿಸಿ. ಹೀಗೆ ಸೇರಿಸದಿದ್ದರೆ ಎಚ್ಚರಿಕೆ 'ಪರ್ಮಿಷನ್ ಡಿನೈಡ್' ಎಂದು ಬದಲಾಗುತ್ತದೆ, ಅಷ್ಟೆ. ಓಪನ್‌ಡಿಕಿಮ್.ಕಾನ್ಫ್‌ನಲ್ಲಿ ಯುಮಾಸ್ಕ್ 007 (ಸಾಕೆಟ್ ಓನರ್ ಮತ್ತು ಗ್ರೂಪ್‌ಗಷ್ಟೇ ತೆರೆದಿರುವಂತೆ) ಇರಲಿ, ಸಾಕೆಟ್ ಸಾಲು ಹೀಗೆ:

ಲೋಕಲ್:/ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಓಪನ್‌ಡಿಕಿಮ್/ಓಪನ್‌ಡಿಕಿಮ್.ಸಾಕ್

ಪೋಸ್ಟ್‌ಫಿಕ್ಸ್‌ನ ಮೇನ್.ಸಿಎಫ್‌ನಲ್ಲಿ ಪೂರ್ತಿ ಪಾತ್ ಬೇಡ. ಎಸ್‌ಎಂಟಿಪಿಡಿ_ಮಿಲ್ಟರ್ಸ್‌ಗೆ ಇಷ್ಟೇ:

ಯುನಿಕ್ಸ್:ಓಪನ್‌ಡಿಕಿಮ್/ಓಪನ್‌ಡಿಕಿಮ್.ಸಾಕ್

ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್‌ಗೂ ಅದನ್ನೇ ಕೊಡಿ. ಇಲ್ಲದಿದ್ದರೆ ಸರ್ವರ್ ಒಳಗಿಂದಲೇ ಸೆಂಡ್‌ಮೇಲ್ ಮೂಲಕ ಹೊರಡುವ ಮೇಲ್‌ಗೆ ಸಹಿ ಬೀಳುವುದಿಲ್ಲ.

ಓಪನ್‌ಡಿಕಿಮ್ ಮೊದಲು, ಪೋಸ್ಟ್‌ಫಿಕ್ಸ್ ಆಮೇಲೆ ರೀಸ್ಟಾರ್ಟ್ ಮಾಡಿ. ಹೊರಗಿನ ಒಂದು ವಿಳಾಸಕ್ಕೆ ಮೇಲ್ ಕಳಿಸಿ ಹೆಡರ್ ತೆರೆದರೆ 'ಡಿಕಿಮ್=ಪಾಸ್' ಕಾಣಬೇಕು.