ಹಿತ್ತಲಿಗೆ ರ‍್ಯಾಟಲ್ ಸ್ನೇಕ್ ಬಂದರೆ: ದೂರ ಸಾಗಿಸಬೇಡಿ, ಪಕ್ಕಕ್ಕೆ ಸರಿಸಿ

ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್ ಸುತ್ತಲಿನ ಬಡಾವಣೆಗಳು ಸೊನೋರಾ ಮರುಭೂಮಿಯ ಒಳಕ್ಕೇ ಬೆಳೆದಿವೆ. ನಮ್ಮ ಕನ್ನಡದವರ ಮನೆಗಳೂ ಅಲ್ಲಿವೆ. ಬಿಸಿಲು ಏರಿದಂತೆ ಎಸಿ ಯಂತ್ರದ ನೆರಳಿನಲ್ಲೋ ಗ್ಯಾರೇಜಿನ ಮೂಲೆಯಲ್ಲೋ ವೆಸ್ಟರ್ನ್ ಡೈಮಂಡ್‌ಬ್ಯಾಕ್ ಎಂಬ ರ‍್ಯಾಟಲ್ ಸ್ನೇಕ್, ಅಂದರೆ ಬಾಲದ ತುದಿಯ ಗಿಲಕಿಯಿಂದ ಸದ್ದು ಮಾಡುವ ವಿಷದ ಹಾವು, ಸುರುಳಿ ಸುತ್ತಿ ಮಲಗಿರುವುದು ಅಪರೂಪವೇನಲ್ಲ. ಅದು ಜಗಳಕ್ಕೆ ಬಂದಿರುವುದಿಲ್ಲ. ಇಲಿಯೋ ತಂಪೋ ಸಿಕ್ಕಿದೆ, ಅಷ್ಟೇ.

ಮೊದಲು ಹಿಂದೆ ಸರಿಯಿರಿ. ಈ ಹಾವು ಸಾಮಾನ್ಯವಾಗಿ ತನ್ನ ಮೈಯುದ್ದದ ಅರ್ಧದಷ್ಟು ದೂರಕ್ಕೆ ಎರಗುತ್ತದೆ. ಆದರೂ ಎರಡು ಮೂರು ಮೀಟರ್ ಅಂತರ ಇರಲಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳಿಸಿ. ಗಿಲಕಿ ಸದ್ದು ಕೇಳಿಸಲಿಲ್ಲ ಅಂತ ಹತ್ತಿರ ಹೋಗಬೇಡಿ, ಎಷ್ಟೋ ಸಲ ಅದು ಬಾಲ ಅಲ್ಲಾಡಿಸದೆ ಸುಮ್ನೆ ಮಲಗಿರುತ್ತದೆ.

ಆಮೇಲೆ ದೂರದಿಂದಲೇ ಬಾಲ ನೋಡಿ. ಡೈಮಂಡ್‌ಬ್ಯಾಕ್‌ಗೆ ಗಿಲಕಿ ಶುರುವಾಗುವ ಮೊದಲು, ಬಾಲದ ಮೇಲೆ, ಕಪ್ಪು ಬಿಳಿ ಪಟ್ಟೆಗಳು ಎದ್ದು ಕಾಣುತ್ತವೆ. ವಿಷವಿಲ್ಲದ ಗೋಫರ್ ಹಾವು ಕೂಡ ತಲೆ ಚಪ್ಪಟೆ ಮಾಡಿ, ಬಾಲ ಬಡಿದು ಹೆದರಿಸುತ್ತದೆ. ಪಾಪ, ಆ ನಟನೆಗೇ ಅದು ಎಷ್ಟೋ ಕಡೆ ಏಟು ತಿಂದು ಸಾಯುತ್ತದೆ.

ಹಾವು ಬಯಲಲ್ಲಿದ್ದು, ಹೋಗಲು ದಾರಿ ಇದ್ದರೆ ಬಿಟ್ಟುಬಿಡಿ. ತಾನಾಗಿಯೇ ಹೋಗುತ್ತದೆ. ಬಾಗಿಲ ಬಳಿಯೇ ಕೂತಿದ್ದರೆ ತರಬೇತಿ ಪಡೆದವರನ್ನು ಕರೆಸಿ. ಕೆಲವು ಊರುಗಳಲ್ಲಿ ಫೈರ್ ಡಿಪಾರ್ಟ್‌ಮೆಂಟಿನವರೇ ಬರುತ್ತಾರೆ. ಅವರು ಬರುವವರೆಗೆ ಹಾವಿನ ಮೇಲೆ ಕಣ್ಣಿಟ್ಟಿರಿ. ಕಣ್ತಪ್ಪಿದರೆ ಹುಡುಕುವುದೇ ದೊಡ್ಡ ಕೆಲಸ.

ಬಂದವರ ಕೆಲಸ ಹೇಗಿರಬೇಕು ಎಂಬುದು ನಿಮಗೂ ಗೊತ್ತಿರಲಿ. ಉದ್ದ ಇಕ್ಕಳದಿಂದ ಕತ್ತು ಅಮುಕಬಾರದು, ಅಲ್ಲಿನ ಎಲುಬು ಬಹಳ ನಾಜೂಕು. ನಡುಮೈಯನ್ನು ಹಗುರವಾಗಿ ಹಿಡಿದು, ಭಾರಕ್ಕೆ ಕೊಕ್ಕೆ ಕೋಲಿನ ಆಸರೆ ಕೊಟ್ಟು, ಎತ್ತರದ ಬಕೆಟ್‌ಗೆ ಇಳಿಸಬೇಕು. ಗಾಳಿಗೆ ತೂತುಗಳಿರುವ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಕು. ಆ ಬಕೆಟನ್ನು ಬಿಸಿಲಲ್ಲಾಗಲಿ, ಕಾದ ಕಾರಿನಲ್ಲಾಗಲಿ ಬಿಟ್ಟರೆ ಹಾವು ಬಹಳ ಬೇಗ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಎಲ್ಲಿ ಬಿಡುವುದು ಎಂಬ ಪ್ರಶ್ನೆ. ಹತ್ತಾರು ಮೈಲಿ ದೂರದ ಕಾಡಿಗೆ ಬಿಟ್ಟರೆ ಉಪಕಾರ ಅಂತ ಅನಿಸುತ್ತೆ, ಅಲ್ವಾ? ಇಲ್ಲ. ತನ್ನ ಜಾಗದಲ್ಲಿ ನೆರಳು, ಇಲಿ, ಚಳಿಗಾಲದ ಬಿಲ ಎಲ್ಲಿದೆ ಅಂತ ಹಾವಿಗೆ ಗೊತ್ತು. ಗೊತ್ತಿಲ್ಲದ ಕಡೆ ಅದು ಅಲೆದಲೆದು ಸೋಲುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು ಜಾತಿಯಾದ ಟಿಂಬರ್ ರ‍್ಯಾಟಲ್ ಸ್ನೇಕ್‌ಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೂರ ಸಾಗಿಸಿದ ಹಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತವು. ಅಲ್ಲೇ ಇದ್ದ ಹಾವುಗಳಲ್ಲಿ ಸತ್ತದ್ದು ಸುಮಾರು ಶೇ 11 ಮಾತ್ರ. ಹಾಗಾಗಿ ಅರ್ಧ ಮೈಲಿಯ ಒಳಗೆ, ಸಾಧ್ಯವಾದರೆ ಇನ್ನೂ ಹತ್ತಿರ, ಮನೆ ಪಕ್ಕದ ಮರುಭೂಮಿಯಲ್ಲೇ ಬಿಡಿಸಿ. ನಡುವೆ ದೊಡ್ಡ ರಸ್ತೆ ಇರಬಾರದು. ಬಂಡೆ ಸಂದೋ ಪೊದೆ ಬುಡದ ಬಿಲವೋ ಇರುವ ನೆರಳಲ್ಲಿ, ಬಕೆಟನ್ನು ಅದರ ಬಾಯಿಗೇ ಓರೆ ಮಾಡಿದರೆ ಹಾವು ತಾನೇ ಜಾರಿ ಒಳಗೆ ಸೇರುತ್ತದೆ. ಬೇಸಿಗೆಯ ಮಧ್ಯಾಹ್ನ ಮಾತ್ರ ಬೇಡ, ಮುಂಜಾನೆ ಅಥವಾ ಸಂಜೆ ಬಿಡಬೇಕು.

ಮಳೆಗಾಲದ ಹೊತ್ತಿಗೆ, ಜುಲೈ ಆಗಸ್ಟಿನಲ್ಲಿ, ಇವು ಮರಿ ಹಾಕುತ್ತವೆ. ಮರಿಗಳು ಮೊದಲ ಪೊರೆ ಬಿಡುವವರೆಗೆ ತಾಯಿ ಜೊತೆಗೇ ಇರುತ್ತದೆ. ಅಪಾಯವಿಲ್ಲದ ಮೂಲೆಯಲ್ಲಿದ್ದರೆ ಆ ಒಂದೆರಡು ವಾರ ಅವುಗಳನ್ನು ಅಲುಗಿಸದಿದ್ದರೆ ಒಳ್ಳೆಯದು.

ಕಚ್ಚಿದರೆ ತಡ ಮಾಡದೆ 911ಕ್ಕೆ ಕರೆ ಮಾಡಿ. ಉಂಗುರ, ಬಳೆ, ವಾಚು ತೆಗೆಯಿರಿ, ಬಾವು ಬೇಗ ಏರುತ್ತದೆ. ಹಗ್ಗ ಬಿಗಿಯುವುದು, ಕೊಯ್ಯುವುದು, ಐಸ್ ಇಡುವುದು ಯಾವುದೂ ಬೇಡ. ಹಾವನ್ನು ಹಿಡಿದು ತರಲೂ ಹೋಗಬೇಡಿ.

ಒಂದು ಹಾವನ್ನು ಸರಿಸಿದರೂ ಹಿತ್ತಲು ಹಾಗೇ ಇದ್ದರೆ ಇನ್ನೊಂದು ಬರುತ್ತದೆ. ಹಕ್ಕಿಗೆ ಹಾಕಿದ ಕಾಳು ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು. ಕಲ್ಲು, ಸೌದೆ ರಾಶಿ ತೆಗೆಸಿ. ಕಬ್ಬಿಣದ ಗೇಟಿನ ಕೆಳಭಾಗಕ್ಕೆ ಕಾಲು ಇಂಚಿನ ಕಣ್ಣಿನ ತಂತಿ ಬಲೆ ಹೊಡೆಸಿ. ಗೇಟಿನ ಅಡಿಯ ಸಂದು ಬೆರಳು ತೂರದಷ್ಟು ಕಿರಿದಾಗಿರಲಿ, ಮರಿ ಹಾವಿಗೆ ಅಷ್ಟೇ ಜಾಗ ಸಾಕು.